ಎರಡು ಹಕ್ಕಿಗಳನ್ನು ಹೋಲಿಸುವುದು ಹೇಗೆ? ನವಿಲು ಮತ್ತು ಹೆಬ್ಬಕ ಇಟ್ಟುಕೊಂಡು ಒಂದು ಮಾರ್ಗದರ್ಶಿ

ಎರಡು ಹಕ್ಕಿಗಳನ್ನು ಹೋಲಿಸಿ ಬರೆಯಬೇಕು ಅಂದ ಕೂಡಲೇ ಹೆಚ್ಚಿನವರು ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಕ್ಕೆ ಒಂದು ಹಕ್ಕಿ, ಬಲಕ್ಕೆ ಇನ್ನೊಂದು. ವರ್ಗೀಕರಣ, ಆವಾಸ, ಸಂರಕ್ಷಣೆಯ ಸ್ಥಿತಿ ಅಂತ ಮೂರು ಸಾಲು. ಹುಡುಕಿ ಸಿಕ್ಕಿದ್ದನ್ನು ತುಂಬಿದರೆ ಕೆಲಸ ಮುಗಿಯಿತು. ಅದರಲ್ಲಿ ಬರೆದಿದ್ದು ಸುಳ್ಳೇನಲ್ಲ, ಆದರೆ ಓದಿದವರಿಗೆ ಏನೂ ದಕ್ಕುವುದಿಲ್ಲ. ಒಂದು ಹಕ್ಕಿ ಹೆಚ್ಚುತ್ತಾ ಹೋಗುತ್ತಿದೆ, ಇನ್ನೊಂದು ಇನ್ನೇನು ಮುಗಿದೇ ಹೋಗುತ್ತದೆ ಅನ್ನುವಂತಿದೆ ಅಂದರೆ, ಯಾಕೆ ಹೀಗೆ ಅನ್ನೋ ಪ್ರಶ್ನೆ ಬರಲೇಬೇಕು ಅಲ್ವಾ? ಅದಕ್ಕೆ ಉತ್ತರ ಮೂರನೇ ಸಾಲಿನಲ್ಲಿ ಸಿಗುವುದಿಲ್ಲ. ಮೊದಲ ಎರಡು ಸಾಲುಗಳಲ್ಲಿ ಹುಡುಕಬೇಕು. ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ನಾನು ಆರಿಸಿಕೊಂಡ ಜೋಡಿ ನವಿಲು ಮತ್ತು ಹೆಬ್ಬಕ. ಹೆಬ್ಬಕ ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಎರೆಭೂತ, ದೊರವಾಯನ ಹಕ್ಕಿ ಅಂತಲೂ ಕರೆಯುತ್ತಾರೆ. ಭಾರತಕ್ಕೆ ರಾಷ್ಟ್ರಪಕ್ಷಿ ಯಾವುದಾಗಬೇಕು ಅನ್ನುವ ಚರ್ಚೆ ನಡೆದಾಗ ಪಕ್ಷಿತಜ್ಞ ಸಲೀಂ ಅಲಿ ಹೆಬ್ಬಕದ ಪರವಾಗಿದ್ದರು. ಕೊನೆಗೆ 1963ರಲ್ಲಿ ಆ ಪಟ್ಟ ನವಿಲಿಗೆ ಸಿಕ್ಕಿತು.

ಮೊದಲು ಜೋಡಿ ಸರಿಯಿದೆಯಾ ನೋಡಿ

ಯಾವ ಎರಡು ಹಕ್ಕಿಗಳನ್ನಾದರೂ ಅಕ್ಕಪಕ್ಕ ಇಡಬಹುದು, ಆದರೆ ಎಲ್ಲ ಜೋಡಿಯಿಂದಲೂ ಏನಾದರೂ ಹೊರಡುತ್ತದೆ ಅಂತಿಲ್ಲ. ಪೆಂಗ್ವಿನ್ ಮತ್ತು ಗುಬ್ಬಿ ತಗೊಂಡರೆ ವ್ಯತ್ಯಾಸ ಬಿಟ್ಟು ಬೇರೇನೂ ಸಿಗುವುದಿಲ್ಲ. ಒಳ್ಳೆಯ ಜೋಡಿಯಲ್ಲಿ ಒಂದಷ್ಟು ಹೋಲಿಕೆ ಇರಬೇಕು, ಆ ಹೋಲಿಕೆಯ ನಡುವೆಯೂ ಒಂದು ದೊಡ್ಡ ವ್ಯತ್ಯಾಸ ಕಣ್ಣಿಗೆ ಹೊಡೆಯಬೇಕು.

ನವಿಲು, ಹೆಬ್ಬಕ ಎರಡೂ ದೊಡ್ಡ ಹಕ್ಕಿಗಳು. ಎರಡೂ ಹಗಲೆಲ್ಲ ನೆಲದ ಮೇಲೆ ನಡೆದಾಡುತ್ತಾ ಮೇಯುತ್ತವೆ. ಕಾಳು, ಹಣ್ಣು, ಮಿಡತೆ, ಜೀರುಂಡೆ, ಓತಿ, ಹೀಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ. ಗಂಡುಗಳು ಹೆಣ್ಣುಗಳ ಮುಂದೆ ಮೈ ಉಬ್ಬಿಸಿ ಪ್ರದರ್ಶನ ಕೊಡುತ್ತವೆ. ಮೊಟ್ಟೆ ಇಡುವುದು ನೆಲದ ಮೇಲೆ. ಕಾವು ಕೊಡುವುದು, ಮರಿ ಸಾಕುವುದು ಹೆಣ್ಣಿನ ಕೆಲಸ, ಗಂಡು ಆ ಕಡೆ ತಲೆ ಹಾಕುವುದಿಲ್ಲ. ಇಷ್ಟೆಲ್ಲ ಒಂದೇ ಥರ ಇದ್ದೂ ಒಂದರ ಸಂಖ್ಯೆ ಏರುತ್ತಿದೆ, ಇನ್ನೊಂದು 2018ರ ಹೊತ್ತಿಗೆ ಸುಮಾರು 150ಕ್ಕೆ ಇಳಿದಿತ್ತು. ಹಾಗಾದರೆ ಆಹಾರ, ನೆಲದ ಗೂಡು, ಒಂಟಿ ತಾಯ್ತನ ಇವ್ಯಾವುವೂ ಪೂರ್ತಿ ಕಾರಣ ಆಗಲಾರವು. ಜೋಡಿ ಚೆನ್ನಾಗಿದ್ದರೆ ಹೀಗೆ ಆರಂಭದಲ್ಲೇ ಕೆಲವು ಉತ್ತರಗಳು ಬಿದ್ದುಹೋಗುತ್ತವೆ.

ಹೆಸರು ಗಟ್ಟಿ ಮಾಡಿಕೊಳ್ಳಿ

ಇದು ಸಣ್ಣ ಕೆಲಸ, ಬೇಗ ಮುಗಿಸಿ. ಊರಿಗೊಂದು ಹೆಸರು ಇರುವುದರಿಂದ ವೈಜ್ಞಾನಿಕ ಹೆಸರೇ ಆಧಾರ. ನವಿಲು ಪಾವೊ ಕ್ರಿಸ್ಟೇಟಸ್, ಲಿನೇಯಸ್, 1758. ಹೆಬ್ಬಕ ಆರ್ಡಿಯೋಟಿಸ್ ನೈಗ್ರಿಸೆಪ್ಸ್ (ವಿಗರ್ಸ್, 1831). ಒಂದರಲ್ಲಿ ಹೆಸರಿಟ್ಟವರು ಆವರಣದೊಳಗಿದ್ದಾರೆ, ಇನ್ನೊಂದರಲ್ಲಿ ಇಲ್ಲ. ಅಚ್ಚಿನ ತಪ್ಪು ಅಂದುಕೊಂಡು ಅದನ್ನು ಸರಿಮಾಡಲು ಹೋಗಬೇಡಿ. ಮೊದಲು ಹೆಸರಿಟ್ಟಾಗ ಇದ್ದ ಜಾತಿಯಿಂದ (ಜೀನಸ್, ಅಂದರೆ ಹೆಸರಿನ ಮೊದಲ ಪದ ಸೂಚಿಸುವ ಗುಂಪು) ಆ ಪ್ರಭೇದವನ್ನು ಆಮೇಲೆ ಬೇರೆ ಜಾತಿಗೆ ಸೇರಿಸಿದ್ದರೆ ಆವರಣ ಹಾಕುತ್ತಾರೆ. ಹೆಬ್ಬಕ ಮೊದಲು ಓಟಿಸ್ ಜಾತಿಯಲ್ಲಿತ್ತು, ಈಗ ಆರ್ಡಿಯೋಟಿಸ್‌ನಲ್ಲಿದೆ. ನವಿಲು ಲಿನೇಯಸ್ ಇಟ್ಟ ಜಾಗದಲ್ಲೇ ಇದೆ.

ವರ್ಗೀಕರಣ: ಮೇಲಿಂದ ಕೆಳಗೆ ಬನ್ನಿ, ಎಲ್ಲಿ ದಾರಿ ಬೇರೆಯಾಯಿತು ನೋಡಿ

ಸಾಮ್ರಾಜ್ಯ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಅಂತ ಎರಡೂ ಹಕ್ಕಿಗಳಿಗೆ ಪೂರ್ತಿ ಏಣಿ ಬರೆಯುವ ಅಗತ್ಯವಿಲ್ಲ. ಎರಡೂ ಹಕ್ಕಿಗಳೇ ಆದ್ದರಿಂದ ವರ್ಗದ ತನಕ ಒಂದೇ. ನೋಡಬೇಕಾದ ಒಂದೇ ಜಾಗ, ಇಬ್ಬರ ದಾರಿ ಬೇರೆಯಾದ ಮೆಟ್ಟಿಲು. ಇಲ್ಲಿ ಅದು ಗಣದ ಮಟ್ಟದಲ್ಲೇ ಆಗಿಹೋಗಿದೆ. ನವಿಲು ಗ್ಯಾಲಿಫಾರ್ಮಿಸ್ ಗಣ, ಫೇಸಿಯಾನಿಡೇ ಕುಟುಂಬ. ಕೋಳಿ, ಗೌಜಲಕ್ಕಿ, ಫೆಸೆಂಟ್ ಇವೆಲ್ಲ ಅದರ ಬಳಗ. ಹೆಬ್ಬಕ ಓಟಿಡಿಫಾರ್ಮಿಸ್ ಗಣ, ಓಟಿಡಿಡೇ ಕುಟುಂಬ. ಈ ಗಣದಲ್ಲಿ ಬಸ್ಟರ್ಡ್‌ಗಳು ಬಿಟ್ಟರೆ ಬೇರೆ ಯಾರೂ ಇಲ್ಲ.

ಹಳೆಯ ಪುಸ್ತಕ ನೋಡಿದರೆ ಬಸ್ಟರ್ಡ್‌ಗಳು ಕೊಕ್ಕರೆಯಂಥ ಕ್ರೇನ್‌ಗಳ ಜೊತೆ ಗ್ರುಯಿಫಾರ್ಮಿಸ್ ಗಣದಲ್ಲಿ ಕೂತಿರುತ್ತವೆ. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಅವನ್ನು ಪ್ರತ್ಯೇಕ ಗಣ ಮಾಡಿದರು. ಹಾಗಾಗಿ ನೀವು ಯಾವ ಪಟ್ಟಿ ನೋಡಿ ಬರೆದಿರಿ ಅನ್ನುವುದನ್ನು ಹೇಳಲೇಬೇಕು. ಜಗತ್ತಿನ ಹಕ್ಕಿಗಳಿಗೆ ಒಂದಕ್ಕಿಂತ ಹೆಚ್ಚು ಪಟ್ಟಿಗಳಿದ್ದು ಒಂದು ಕಡೆ ಪ್ರಭೇದ ಅಂದಿದ್ದನ್ನು ಇನ್ನೊಂದು ಕಡೆ ಉಪಪ್ರಭೇದ ಅನ್ನುತ್ತಿದ್ದರು. ಈ ಗೊಂದಲ ಕಡಿಮೆ ಮಾಡಲು 2025ರಲ್ಲಿ ಏವಿಲಿಸ್ಟ್ ಅನ್ನುವ ಒಟ್ಟುಗೂಡಿಸಿದ ಪಟ್ಟಿ ಬಂತು. ಅದರಲ್ಲಿ 11,131 ಪ್ರಭೇದಗಳಿವೆ. ಒಂದು ಹಕ್ಕಿಗೆ ಒಂದು ಪಟ್ಟಿ, ಇನ್ನೊಂದಕ್ಕೆ ಇನ್ನೊಂದು ಪಟ್ಟಿ ಅಂತ ಮಾತ್ರ ಬೆರೆಸಬೇಡಿ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾದ ಸಂಗತಿ ಏನೆಂದರೆ, ನವಿಲಿಗೆ ಹೆಬ್ಬಕಕ್ಕಿಂತ ಬಾತುಕೋಳಿ ಹತ್ತಿರದ ನೆಂಟ. ಕೋಳಿ ಬಳಗ, ಬಾತು ಬಳಗ ಸೇರಿ ಒಂದು ಕವಲು. ಉಳಿದ ಹೆಚ್ಚಿನ ಹಕ್ಕಿಗಳು, ಪಾರಿವಾಳ, ಗುಬ್ಬಿ, ಹದ್ದು, ಹೆಬ್ಬಕ ಎಲ್ಲ ಸೇರಿ ಇನ್ನೊಂದು ಕವಲು. ಈ ಎರಡು ಕವಲುಗಳು ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದ ಕಾಲದಲ್ಲೇ ಬೇರೆಯಾದವು ಅನ್ನುವುದು ಹೆಚ್ಚಿನ ಅಧ್ಯಯನಗಳ ಅಭಿಪ್ರಾಯ. ಅಂದರೆ ಮೂವತ್ತು ಗ್ರಾಂ ತೂಗದ ಗುಬ್ಬಿಯೂ ಹೆಬ್ಬಕಕ್ಕೆ ನವಿಲಿಗಿಂತ ಹತ್ತಿರ! ನೋಡಲು ಒಂದೇ ಥರ ಇರುವುದನ್ನು ನಂಬಿ ನೆಂಟಸ್ತನ ಬರೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಬೇಕಾದರೆ ಇನ್ನೊಂದು ಇದೆ: ಫಾಲ್ಕನ್‌ಗಳು ಹದ್ದಿನ ಹಾಗೆ ಕಾಣುತ್ತವೆ, ಆದರೆ ಅವು ಗಿಣಿಗಳಿಗೆ ಹೆಚ್ಚು ಹತ್ತಿರ.

ವರ್ಗೀಕರಣದಿಂದ ಮೈಕಟ್ಟಿಗೆ ಬನ್ನಿ

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ, ಆದರೆ ಹೋಲಿಕೆಯ ಜೀವ ಇರುವುದೇ ಇಲ್ಲಿ. ಕುಟುಂಬದ ಹೆಸರು ಸುಮ್ನೆ ಒಂದು ಲೇಬಲ್ ಅಲ್ಲ. ಆ ಹಕ್ಕಿ ಯಾವ ದೇಹ, ಯಾವ ಬದುಕಿನ ರೀತಿಯನ್ನು ಹಿರಿಯರಿಂದ ಪಡೆದು ಬಂದಿದೆ ಅನ್ನುವುದರ ಸುಳಿವು. ಪ್ರತಿ ಹಕ್ಕಿಗೂ ಮೂರು ಪ್ರಶ್ನೆ ಕೇಳಿ: ಕಾಲು ಹೇಗಿದೆ, ತೂಕ ಎಷ್ಟು, ಒಂದು ಸಲಕ್ಕೆ ಎಷ್ಟು ಮೊಟ್ಟೆ?

ಬಸ್ಟರ್ಡ್ ಕುಟುಂಬದ ಹಕ್ಕಿಗಳಿಗೆ ಹಿಂಬೆರಳು ಇಲ್ಲ. ಮುಂದಿನ ಮೂರೇ ಬೆರಳು. ಬಯಲಿನಲ್ಲಿ ನಡೆಯಲು, ಓಡಲು ಅದು ಹೇಳಿ ಮಾಡಿಸಿದ ಕಾಲು. ಆದರೆ ಕೊಂಬೆ ಹಿಡಿದು ಕೂರಲು ಆಗುವುದಿಲ್ಲ. ಹಾಗಾಗಿ ಹೆಬ್ಬಕ ರಾತ್ರಿಯೂ ನೆಲದ ಮೇಲೆಯೇ. ನವಿಲಿಗೆ ಹಿಂಬೆರಳು ಇದೆ. ಕತ್ತಲಾಗುತ್ತಿದ್ದಂತೆ ಎತ್ತರದ ಮರ ಹತ್ತಿ ಕೂರುತ್ತದೆ. ನಾಯಿ, ನರಿ ರಾತ್ರಿ ಓಡಾಡುವ ಜಾಗದಲ್ಲಿ ಈ ಒಂದು ಬೆರಳಿನ ವ್ಯತ್ಯಾಸ ಸಣ್ಣದಲ್ಲ.

ತೂಕಕ್ಕೆ ಬಂದರೆ ಗಂಡು ನವಿಲು ಸುಮಾರು 4ರಿಂದ 6 ಕಿಲೋ. ಗಂಡು ಹೆಬ್ಬಕ 15 ಕಿಲೋ ತನಕ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಇದು ಅತಿ ಭಾರದವುಗಳ ಸಾಲಿಗೆ ಸೇರುತ್ತದೆ. ಭಾರದ ಹಕ್ಕಿ ಗಾಳಿಯಲ್ಲಿ ತಟ್ಟನೆ ದಿಕ್ಕು ಬದಲಿಸಲಾರದು. ಜೊತೆಗೆ ಕಣ್ಣುಗಳು ತಲೆಯ ಬದಿಗಳಲ್ಲಿರುವುದರಿಂದ ನೇರ ಮುಂದಿನ ನೋಟ ಕಡಿಮೆ. ಸುತ್ತಲಿನ ಬಯಲಿನಲ್ಲಿ ಶತ್ರು ಬರುತ್ತಿದೆಯಾ ಅಂತ ನೋಡಲು ಅದು ಒಳ್ಳೆಯ ವ್ಯವಸ್ಥೆ. ಆದರೆ ಎದುರಿಗೆ ತಂತಿ ಬಂದರೆ? ಇದನ್ನು ನೆನಪಿಟ್ಟುಕೊಳ್ಳಿ, ಸಂರಕ್ಷಣೆಯ ಮಾತು ಬಂದಾಗ ಬೇಕಾಗುತ್ತದೆ.

ಮೊಟ್ಟೆಯ ಲೆಕ್ಕ ಇನ್ನೂ ಮುಖ್ಯ. ನವಿಲು ಒಂದು ಸಲಕ್ಕೆ ನಾಲ್ಕರಿಂದ ಎಂಟು ಮೊಟ್ಟೆ ಇಡುತ್ತದೆ. ಹೆಬ್ಬಕ ಸಾಮಾನ್ಯವಾಗಿ ಒಂದೇ ಒಂದು. ಒಂದು ನಾಯಿ ಒಂದು ಗೂಡು ಹಾಳು ಮಾಡಿದರೆ ನವಿಲಿಗೂ ನಷ್ಟ, ಹೆಬ್ಬಕಕ್ಕೂ ನಷ್ಟ. ಆದರೆ ನವಿಲಿನ ಸಂಖ್ಯೆ ಕುಸಿದರೂ ಅನುಕೂಲ ಸಿಕ್ಕಾಗ ಬೇಗ ಚೇತರಿಸಿಕೊಳ್ಳುತ್ತದೆ. ಹೆಬ್ಬಕದ ಸಂಖ್ಯೆ ಒಮ್ಮೆ ಇಳಿಯಿತು ಅಂದರೆ ಮತ್ತೆ ಏರುವುದು ತುಂಬಾ ನಿಧಾನ.

ಆವಾಸ: 'ಎಲ್ಲಿ' ಮತ್ತು 'ಎಂಥ ಜಾಗದಲ್ಲಿ' ಬೇರೆ ಬೇರೆ ಬರೆಯಿರಿ

ಆವಾಸ ಅಂದ ಕೂಡಲೇ ದೇಶ, ರಾಜ್ಯಗಳ ಹೆಸರು ಬರೆದು ಬಿಡುವುದು ಸಾಮಾನ್ಯ ಅಭ್ಯಾಸ. ಅದು ವ್ಯಾಪ್ತಿ. ಆವಾಸ ಅಂದರೆ ಎಂಥ ನೆಲ, ಎಂಥ ಗಿಡ, ಎಷ್ಟು ನೀರು, ಎಷ್ಟು ಮರೆ. ಇವೆರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಟ್ಟರೆ ಒಂದು ವಿಷಯ ಗೊತ್ತಾಗುತ್ತದೆ: ಎರಡು ಹಕ್ಕಿಗಳ ವ್ಯಾಪ್ತಿ ನಕ್ಷೆಯಲ್ಲಿ ಒಂದರ ಮೇಲೊಂದು ಬೀಳಬಹುದು, ಆದರೂ ಅವು ಬೇರೆ ಬೇರೆ ಜಾಗದಲ್ಲಿ ಬದುಕುತ್ತಿರಬಹುದು.

ನವಿಲಿನ ಮೂಲ ನೆಲೆ ಭಾರತ, ಶ್ರೀಲಂಕಾ, ನೇಪಾಳ, ಪಾಕಿಸ್ತಾನ, ಭೂತಾನ್. ಬೇರೆ ದೇಶಗಳಲ್ಲಿ ಕಾಣುವ ನೀಲಿ ನವಿಲುಗಳನ್ನು ಮನುಷ್ಯರು ಕೊಂಡೊಯ್ದು ಬಿಟ್ಟಿದ್ದು. ಅವನ್ನು ಮೂಲ ವ್ಯಾಪ್ತಿಗೆ ಸೇರಿಸಬಾರದು. ಎಲೆ ಉದುರುವ ಕಾಡಿನ ಅಂಚು, ಕುರುಚಲು, ಹೊಲ, ತೋಟ, ಹಳ್ಳದ ದಡ, ಯಾವುದಾದರೂ ನವಿಲಿಗೆ ಸರಿ. ಅದಕ್ಕೆ ಬೇಕಾದ್ದು ಮೇಯಲು ಬಯಲು, ಅಡಗಲು ಪೊದೆ, ಮಲಗಲು ಮರ, ಹತ್ತಿರದಲ್ಲಿ ನೀರು. ಮನುಷ್ಯ ಊರು ಕಟ್ಟಿ ಬೇಸಾಯ ಮಾಡಿದಲ್ಲೆಲ್ಲ ಈ ನಾಲ್ಕೂ ಒಟ್ಟಿಗೆ ಸಿಗುತ್ತವೆ. 2023ರ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ ಪ್ರಕಾರ ನವಿಲು ಹೊಸ ಜಾಗಗಳಿಗೂ ಹಬ್ಬುತ್ತಿದೆ. ಒಂದು ಕಾಲದಲ್ಲಿ ಅಪರೂಪವಾಗಿದ್ದ ಕೇರಳದಲ್ಲಿ ಈಗ ಎಲ್ಲ ಜಿಲ್ಲೆಗಳಲ್ಲೂ ಇದೆ.

ಹೆಬ್ಬಕದ ಕಥೆ ಬೇರೆ. ಒಣ ಹುಲ್ಲುಗಾವಲು, ಅಲ್ಲಲ್ಲಿ ಮುಳ್ಳಿನ ಪೊದೆ, ಬೀಳುಬಿಟ್ಟ ಭೂಮಿ, ಮಳೆ ನಂಬಿದ ಬೆಳೆಯ ಹೊಲ, ಇಷ್ಟೇ. ಎತ್ತರದ ಮರ ಬೇಡ, ದಟ್ಟ ಪೊದೆಯೂ ಬೇಡ. ಕಣ್ಣು ಹಾಯುವಷ್ಟು ದೂರ ಬಯಲು ಬೇಕು. ನೀರಾವರಿ ಬಂದು ವರ್ಷಕ್ಕೆ ಎರಡು ಮೂರು ಬೆಳೆ ಶುರುವಾದರೆ ಆ ಜಾಗ ನವಿಲಿಗೆ ಇನ್ನೂ ಚೆನ್ನ, ಹೆಬ್ಬಕಕ್ಕೆ ಮುಗಿದ ಹಾಗೆ. ಹುಲ್ಲುಗಾವಲನ್ನು ಕಾಗದದಲ್ಲಿ 'ಪಾಳು ಭೂಮಿ' ಅಂತ ಬರೆದಿಟ್ಟಿದ್ದು ಇನ್ನೊಂದು ಪೆಟ್ಟು. ಪಾಳು ಅಂದ ಮೇಲೆ ಅದನ್ನು 'ಉಪಯೋಗಕ್ಕೆ' ತರಬೇಕಲ್ಲ! ಮರ ನೆಡುವುದು, ಕೈಗಾರಿಕೆ, ಸೌರ ಫಲಕ, ಗಾಳಿಯಂತ್ರ ಎಲ್ಲ ಅಲ್ಲಿಗೇ ಬರುತ್ತವೆ. ಮರ ನೆಟ್ಟರೆ ಪರಿಸರಕ್ಕೆ ಒಳ್ಳೆಯದೇ ಅಂತ ನಂಬಿದವರಿಗೆ ಈ ಹಕ್ಕಿ ಸ್ವಲ್ಪ ಮುಜುಗರ ಕೊಡುತ್ತದೆ.

ಇನ್ನು ವ್ಯಾಪ್ತಿ. ಹೆಬ್ಬಕ ಒಂದು ಕಾಲಕ್ಕೆ ಪಶ್ಚಿಮ ಮತ್ತು ಮಧ್ಯ ಭಾರತದಿಂದ ದಖ್ಖನ್ ತನಕ ಹರಡಿತ್ತು. ಈಗ ಉಳಿದಿರುವುದರಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸುತ್ತಮುತ್ತ, ಡೆಸರ್ಟ್ ನ್ಯಾಷನಲ್ ಪಾರ್ಕ್ ಮತ್ತು ಪೋಖ್ರಾನ್ ಕಡೆ. ಗುಜರಾತಿನ ಕಛ್, ಮಹಾರಾಷ್ಟ್ರದ ಸೊಲ್ಲಾಪುರ ಬಳಿಯ ನಾನಜ್, ಆಂಧ್ರದ ರೋಳ್ಳಪಾಡು, ಬಳ್ಳಾರಿಯ ಸಿರುಗುಪ್ಪ ಇವೆಲ್ಲ ಹೆಬ್ಬಕದ ಹೆಸರಿನ ಜೊತೆ ಬರುವ ಊರುಗಳು. ಆದರೆ ಅಲ್ಲಿ ಒಂದು ಹಕ್ಕಿ ಕಂಡರೂ ಸುದ್ದಿ ಅನ್ನುವ ಪರಿಸ್ಥಿತಿ ಅಥವಾ ಅದೂ ಇಲ್ಲ. ಹಾಗಾಗಿ ವ್ಯಾಪ್ತಿ ಬರೆಯುವಾಗ 'ಹಿಂದೆ ಇತ್ತು', 'ಈಗ ಮರಿ ಮಾಡುತ್ತಿದೆ', 'ಯಾವಾಗಲೋ ಕಾಣುತ್ತದೆ' ಅಂತ ಮೂರು ಭಾಗ ಮಾಡಿ. ನಕ್ಷೆಯಲ್ಲಿ ಒಂದೇ ಬಣ್ಣ ಬಳಿದರೆ ಓದುಗರಿಗೆ ಮೋಸ ಆಗುತ್ತದೆ.

ನಕ್ಷೆಯ ವಿಷಯದಲ್ಲಿ ಇನ್ನೊಂದು ಮಾತು. ಹಕ್ಕಿ ನೋಡುವವರು ದಾಖಲಿಸಿದ ಚುಕ್ಕೆಗಳ ನಕ್ಷೆ ಉಪಯುಕ್ತ, ಆದರೆ ಚುಕ್ಕೆ ಇಲ್ಲದ ಕಡೆ ಹಕ್ಕಿ ಇಲ್ಲ ಅಂತ ಅರ್ಥವಲ್ಲ, ಅಲ್ಲಿಗೆ ನೋಡುವವರು ಹೋಗಿಲ್ಲದಿರಬಹುದು. ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಬೇಕಂತಲೇ ಮುಚ್ಚಿಡುತ್ತಾರೆ. ನೀವೂ ಗೂಡಿನ ಜಾಗ ಗೊತ್ತಿದ್ದರೆ ಬರೆಯಬೇಡಿ.

ಸಂರಕ್ಷಣೆಯ ಸ್ಥಿತಿ: ಒಂದಲ್ಲ, ಮೂರು ಉತ್ತರ

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಜಾಗತಿಕ ಸ್ಥಿತಿ, ದೇಶದ ಕಾನೂನಿನ ರಕ್ಷಣೆ, ಅಂತರರಾಷ್ಟ್ರೀಯ ಒಪ್ಪಂದ, ಈ ಮೂರನ್ನೂ ಕಲಸಿ ಒಂದೇ ಪದದಲ್ಲಿ ಹೇಳಲು ಹೋಗುತ್ತಾರೆ.

ಜಾಗತಿಕ ಸ್ಥಿತಿಗೆ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಪ್ರಕಟಿಸುವ ಕೆಂಪು ಪಟ್ಟಿ ನೋಡಿ. ಹಕ್ಕಿಗಳ ಮಟ್ಟಿಗೆ ಅದರ ಮೌಲ್ಯಮಾಪನ ಮಾಡುವುದು ಬರ್ಡ್‌ಲೈಫ್ ಇಂಟರ್‌ನ್ಯಾಷನಲ್. ಅದರಲ್ಲಿ ನವಿಲು 'ಲೀಸ್ಟ್ ಕನ್ಸರ್ನ್', ಅಂದರೆ ಸದ್ಯಕ್ಕೆ ಚಿಂತೆ ಕಡಿಮೆ. ಹೆಬ್ಬಕ 2011ರಿಂದ 'ಕ್ರಿಟಿಕಲಿ ಎಂಡೇಂಜರ್ಡ್', ಅಂದರೆ ತೀವ್ರ ಅಪಾಯ. ಸಹಜ ನೆಲೆಯಿಂದ ಪೂರ್ತಿ ಮಾಯವಾಗುವುದಕ್ಕೆ ಇನ್ನೊಂದೇ ಮೆಟ್ಟಿಲು. ಪದ ಬರೆದು ನಿಲ್ಲಿಸಬೇಡಿ, ಯಾವ ಮಾನದಂಡದ ಮೇಲೆ ಆ ಪದ ಕೊಟ್ಟರು ಅಂತಲೂ ನೋಡಿ. ಕೆಂಪು ಪಟ್ಟಿಗೆ ಎ ಇಂದ ಇ ತನಕ ಐದು ಮಾನದಂಡಗಳಿವೆ. ಸಂಖ್ಯೆ ಎಷ್ಟು ವೇಗವಾಗಿ ಕುಸಿಯಿತು, ವ್ಯಾಪ್ತಿ ಎಷ್ಟು ಕಿರಿದಾಯಿತು, ಇರುವುದೇ ಎಷ್ಟು, ಹೀಗೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇದರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲದಲ್ಲಿ 80 ಶೇಕಡಾ ಅಥವಾ ಹೆಚ್ಚು ಕುಸಿದಿದ್ದರೆ ಸಾಮಾನ್ಯವಾಗಿ ತೀವ್ರ ಅಪಾಯದ ಪಟ್ಟಿಗೆ ಬರುತ್ತದೆ. ಹೆಬ್ಬಕದಂಥ ನಿಧಾನವಾಗಿ ಬೆಳೆಯುವ ಹಕ್ಕಿಗೆ ಮೂರು ತಲೆಮಾರು ಅಂದರೆ ಹಲವು ದಶಕಗಳು. ಹಾಗಾಗಿ 'ಕಳೆದ ಐದು ವರ್ಷದಿಂದ ಅಷ್ಟೇ ಇದೆ' ಅನ್ನುವ ಮಾತಿಗೆ ಇಲ್ಲಿ ಬೆಲೆ ಕಡಿಮೆ.

ಎರಡನೆಯದು ಕಾನೂನು. ಇದು ನಿಮಗೆ ಗೊಂದಲ ಹುಟ್ಟಿಸಬೇಕು, ಹುಟ್ಟಿಸಿದರೆ ಒಳ್ಳೆಯದೇ: ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು, ಹೆಬ್ಬಕ ಎರಡೂ ಒಂದನೇ ಅನುಸೂಚಿಯಲ್ಲಿವೆ. ಅಂದರೆ ಕಾನೂನಿನ ಕಣ್ಣಿಗೆ ಎರಡಕ್ಕೂ ಗರಿಷ್ಠ ರಕ್ಷಣೆ. ಒಂದು ಸಾಮಾನ್ಯ ಹಕ್ಕಿ, ಇನ್ನೊಂದು ಕಣ್ಮರೆಯಾಗುತ್ತಿರುವ ಹಕ್ಕಿ, ಎರಡೂ ಒಂದೇ ಪಟ್ಟಿಯಲ್ಲಿ ಹೇಗೆ? ಕೆಂಪು ಪಟ್ಟಿ ಹೇಳುವುದು ಅಳಿಯುವ ಅಪಾಯ ಎಷ್ಟು ಅಂತ. ಅನುಸೂಚಿ ಹೇಳುವುದು ಬೇಟೆ, ವ್ಯಾಪಾರಕ್ಕೆ ಎಷ್ಟು ತಡೆ ಅಂತ. ನವಿಲಿಗೆ ಈ ತಡೆ ಸಾಕಷ್ಟು ಕೆಲಸ ಮಾಡಿದೆ, ಜನರ ಭಕ್ತಿಯೂ ಜೊತೆಗಿತ್ತು. ಹೆಬ್ಬಕಕ್ಕೆ ಸಾಲಲಿಲ್ಲ. ಅದನ್ನು ಮೊದಲು ಬೇಟೆ ಇಳಿಸಿತು, ಆಮೇಲೆ ಹುಲ್ಲುಗಾವಲು ಹೋಯಿತು, ಈಗ ತಂತಿಗಳು ಬಂದಿವೆ. ತಂತಿಯನ್ನು ಬೇಟೆಗಾರ ಅಂತ ಬಂಧಿಸಲು ಆಗುತ್ತದಾ?

ವಿದ್ಯುತ್ ತಂತಿಯ ವಿಷಯ ನ್ಯಾಯಾಲಯಕ್ಕೂ ಹೋಯಿತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತ್‌ನ ಹೆಬ್ಬಕ ಪ್ರದೇಶಗಳಲ್ಲಿ ತಂತಿಗಳನ್ನು ನೆಲದಡಿ ಹಾಕಲು ಸೂಚಿಸಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಬದಲಿಸಿ ತಜ್ಞರ ಸಮಿತಿ ರಚಿಸಿತು. ಸೌರವಿದ್ಯುತ್ ಬೇಕು, ಹಕ್ಕಿಯೂ ಬೇಕು ಅನ್ನುವ ಇಕ್ಕಟ್ಟು ಅದು. ಹಿಂದಿನ ಹೆಜ್ಜೆಯಲ್ಲಿ ತೂಕ, ಕಣ್ಣು ಬರೆದಿಟ್ಟುಕೊಂಡಿದ್ದರೆ ಈ ಭಾಗ ತಾನಾಗಿ ಅರ್ಥವಾಗುತ್ತದೆ. ಇನ್ನೊಂದು ಕಡೆ, ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಲ್ಲಿ ಸಹಜ ನೆಲೆಯಿಂದ ತಂದ ಮೊಟ್ಟೆಗಳಿಂದ ಮರಿ ಮಾಡಿಸುವ ಕೇಂದ್ರ ಶುರುವಾಯಿತು. 2024ರಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು.

ಮೂರನೆಯದು ಅಂತರರಾಷ್ಟ್ರೀಯ ಒಪ್ಪಂದ. ಹೆಬ್ಬಕ ಸೈಟಿಸ್‌ನ, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಒಂದನೇ ಅನುಬಂಧದಲ್ಲಿದೆ. 2020ರಲ್ಲಿ ಗಾಂಧಿನಗರದಲ್ಲಿ ನಡೆದ ವಲಸೆ ಪ್ರಾಣಿಗಳ ಒಪ್ಪಂದದ ಸಮಾವೇಶದಲ್ಲಿ ಆ ಒಪ್ಪಂದದ ಒಂದನೇ ಅನುಬಂಧಕ್ಕೂ ಸೇರಿತು. ಹಕ್ಕಿ ಭಾರತ, ಪಾಕಿಸ್ತಾನ ಗಡಿಯ ಎರಡೂ ಕಡೆ ಓಡಾಡುತ್ತದೆ, ಅದಕ್ಕೇ.

ಕಾರಣವನ್ನು ಪರೀಕ್ಷೆ ಮಾಡಿ

ಇಷ್ಟಾದ ಮೇಲೆ 'ಬಸ್ಟರ್ಡ್ ಆಗಿದ್ದಕ್ಕೇ ಅಳಿಯುತ್ತಿದೆ' ಅಂತ ಬರೆಯುವ ಆಸೆ ಆಗುತ್ತದೆ. ಸ್ವಲ್ಪ ತಡೆಯಿರಿ. ಅದೇ ಜಾತಿಯ ಇನ್ನೊಂದು ಪ್ರಭೇದವನ್ನು ತಂದು ನೋಡಿ. ಆಸ್ಟ್ರೇಲಿಯದ ಬಸ್ಟರ್ಡ್ ಕೂಡ ಆರ್ಡಿಯೋಟಿಸ್ ಜಾತಿಯದ್ದೇ. ದೊಡ್ಡ ದೇಹ, ಒಂದೆರಡು ಮೊಟ್ಟೆ, ಬಯಲಿನ ಬದುಕು, ಎಲ್ಲ ಇದೇ ಥರ. ಆದರೂ ಅದು 'ಲೀಸ್ಟ್ ಕನ್ಸರ್ನ್'. ಆಫ್ರಿಕಾದ ಕೋರಿ ಬಸ್ಟರ್ಡ್ 'ನಿಯರ್ ಥ್ರೆಟನ್ಡ್', ಅಂದರೆ ಅಪಾಯದ ಹೊಸ್ತಿಲು. ಈ ಕಡೆ ನವಿಲಿನ ಜಾತಿಯಲ್ಲೂ ಹಾಗೇ. ಆಗ್ನೇಯ ಏಷ್ಯಾದ ಹಸಿರು ನವಿಲು, ಪಾವೊ ಮ್ಯೂಟಿಕಸ್, 'ಎಂಡೇಂಜರ್ಡ್'.

ಅಂದರೆ ವರ್ಗೀಕರಣ ಹೇಳುವುದು ಹಕ್ಕಿ ಯಾವ ಪೆಟ್ಟನ್ನು ತಾಳಲಾರದು ಅಂತ. ಆ ಪೆಟ್ಟು ನಿಜವಾಗಿ ಬಿತ್ತಾ, ಎಷ್ಟು ಬಿತ್ತು ಅನ್ನುವುದನ್ನು ಅದು ಇರುವ ಜಾಗ ಹೇಳುತ್ತದೆ. ನಿಮ್ಮ ಜೋಡಿ ಯಾವುದೇ ಇರಲಿ, ಎರಡೂ ಕಡೆಯಿಂದ ಒಂದೊಂದು ನೆಂಟ ಹಕ್ಕಿಯನ್ನು ಹೀಗೆ ಎಳೆದು ತಂದು ನೋಡಿ. ನಿಮ್ಮ ವಾದ ನಿಲ್ಲುತ್ತದಾ, ಬೀಳುತ್ತದಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಬರೆಯುವಾಗ

ಪಟ್ಟಿ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಅದರ ಕೆಳಗೆ ಒಂದು ಪ್ಯಾರಾ ಇರಲಿ, ಅದರಲ್ಲಿ 'ಆದ್ದರಿಂದ' ಅನ್ನುವ ಮಾತು ಎರಡು ಮೂರು ಸಲ ಬರಲಿ. ಹೀಗೆ: 'ಹೆಬ್ಬಕ ಬಸ್ಟರ್ಡ್ ಕುಟುಂಬದ ಭಾರದ ಹಕ್ಕಿ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಆದ್ದರಿಂದ ಬೆಳೆದ ಹಕ್ಕಿಗಳು ಸತ್ತರೆ ಆ ಜಾಗ ತುಂಬಲು ತಡವಾಗುತ್ತದೆ. ಅದಕ್ಕೆ ತೆರೆದ ಒಣ ಹುಲ್ಲುಗಾವಲೇ ಬೇಕು, ನೀರಾವರಿ ಮತ್ತು ವಿದ್ಯುತ್ ತಂತಿಗಳು ಬಂದಿದ್ದೂ ಅಲ್ಲಿಗೇ, ಆದ್ದರಿಂದ ಅದು ತೀವ್ರ ಅಪಾಯದಲ್ಲಿದೆ. ನವಿಲು ಕೋಳಿ ಬಳಗದ್ದು, ಹಲವು ಮೊಟ್ಟೆ ಇಡುತ್ತದೆ, ಮರ ಏರಿ ಮಲಗುತ್ತದೆ, ಹೊಲ ತೋಟಗಳಿಗೆ ಹೊಂದಿಕೊಳ್ಳುತ್ತದೆ, ಆದ್ದರಿಂದ ಅದೇ ಬದಲಾವಣೆ ಅದಕ್ಕೆ ಅನುಕೂಲವೇ ಆಯಿತು.'

ಪ್ರತಿ ಸ್ಥಿತಿಯ ಪಕ್ಕ ವರ್ಷ ಹಾಕಿ. ಕೆಂಪು ಪಟ್ಟಿ ಆಗಾಗ ಬದಲಾಗುತ್ತದೆ, 2010ರ ಮುಂಚಿನ ಪುಸ್ತಕದಲ್ಲಿ ಹೆಬ್ಬಕ 'ಎಂಡೇಂಜರ್ಡ್' ಅಂತಲೇ ಇರುತ್ತದೆ. ಸಂಖ್ಯೆ ಬರೆದರೆ ಅದು ಎಣಿಕೆಯಾ, ಅಂದಾಜಾ ಅಂತ ಹೇಳಿ. ಜಾಗತಿಕ ಸಂಖ್ಯೆಯ ಪಕ್ಕ ಒಂದು ರಾಜ್ಯದ ಸಂಖ್ಯೆ ಇಟ್ಟು ಹೋಲಿಸಬೇಡಿ.

ಮುಂದಿನ ಜೋಡಿ ಯಾವುದು ಅಂತ ಯೋಚಿಸುತ್ತಿದ್ದರೆ ನೀಲಿ ನವಿಲು ಮತ್ತು ಹಸಿರು ನವಿಲು ತಗೊಳ್ಳಿ. ಒಂದೇ ಜಾತಿ ಆದ್ದರಿಂದ ವರ್ಗೀಕರಣದ ಭಾಗ ಎರಡು ಸಾಲಿನಲ್ಲಿ ಮುಗಿಯುತ್ತದೆ, ಇಡೀ ಹೊರೆ ಆವಾಸದ ಮೇಲೆ ಬೀಳುತ್ತದೆ.